ಎಡಗೈ ಮನೆ

ಲೇಯರಕ್ಕ ಅಂದರೆ ಆ ಊರಿನ ನಕ್ಷೆ ಬರೆಯುವವರಿಗೆಲ್ಲ ಗೊತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಪಿಂಚಣಿ ಕಾಗದದಲ್ಲಿ ಹಾಯಾಗಿ ನಿದ್ದೆ ಮಾಡುತ್ತಿದೆ, ನಾವೇಕೆ ಎಬ್ಬಿಸುವುದು. ನಿವೃತ್ತಿಯಾದ ಮೇಲೂ ಕೈ ಕಟ್ಟಿಕೊಂಡು ಕೂರಲು ಅವಳಿಂದ ಆಗಲಿಲ್ಲ. ಕಂಪ್ಯೂಟರಿನಲ್ಲಿ ಕಟ್ಟಡದ ನಕ್ಷೆ ಬರೆಯುವುದನ್ನು ಹೇಳಿಕೊಡುವ ಕೇಂದ್ರವೊಂದರಲ್ಲಿ ಬೆಳಗಿನ ಕ್ಲಾಸು ಅವಳದ್ದು. ಮೊದಲ ದಿನವೇ ಪಾಠ ಶುರು: "ಗಾಜಿನಂಥ ಹಾಳೆಗಳನ್ನ ಒಂದರ ಮೇಲೊಂದು ಇಟ್ಟಿದೀವಿ ಅಂದ್ಕೊಳ್ಳಿ. ಅದೇ ಲೇಯರ್. ಗೋಡೆ ಒಂದರಲ್ಲಿ, ಬಾಗಿಲು ಒಂದರಲ್ಲಿ, ಮಂಚ ಕುರ್ಚಿ ಇನ್ನೊಂದರಲ್ಲಿ. ಎಲ್ಲಾನೂ ಒಂದರಲ್ಲೇ ತುರುಕಿದಿರೋ, ನಾಳೆ ಕುರ್ಚಿ ಅಳಿಸೋಕೆ ಹೋಗಿ ಗೋಡೆ ಕೆಡವ್ತೀರಿ!"

ಅವಳ ಇಂಥ ಮಾತುಗಳು ಬೇಕಾದಷ್ಟಿವೆ. ಮನೆಯನ್ನು ನಿಜದ ಅಳತೆಯಲ್ಲೇ ಬರೆಯಿರಿ, ಕುಗ್ಗಿಸುವ ಕೆಲಸ ಕಾಗದಕ್ಕೆ ಇಳಿಸುವಾಗ. ಅಳತೆ ಕೂಡಲಿಲ್ಲ ಅಂತ ಅಂಕಿ ತಿದ್ದೀರಿ ಜೋಕೆ, ಗೆರೆ ತಿದ್ದಿ. ಮೂಲೆಯಲ್ಲಿ ಗೆರೆಗೆ ಗೆರೆ ಮುಟ್ಟಿದೆಯೋ ಇಲ್ಲವೋ ಹತ್ತಿರ ಹೋಗಿ ನೋಡಿ, ದೂರದಿಂದ ಎಲ್ಲ ಗೋಡೆಯೂ ಮುಟ್ಟಿದ ಹಾಗೇ ಕಾಣುತ್ತೆ. ಎರಡು ಕಡೆ ಒಂದೇ ಥರ ಇದ್ದರೆ ಅರ್ಧ ಬರೆದು ಕನ್ನಡಿ ಹಿಡಿಯಿರಿ. ತಂತ್ರಾಂಶದಲ್ಲಿ ಆ ಆಜ್ಞೆಗೆ ಏನೋ ಹೆಸರಿದೆ, ಅವಳಿಗೆ ಮಾತ್ರ ಅದು ಯಾವಾಗಲೂ ಕನ್ನಡಿ ಹಿಡಿಯೋದು. ಇವೆಲ್ಲಕ್ಕಿಂತ ಜೋರಾಗಿ, ಮೇಜು ಕುಟ್ಟಿ ಹೇಳುವುದು ಒಂದಿದೆ. ಹಳೇ ನಕ್ಷೆಯನ್ನು ನಂಬಬೇಡಿ, ಜಾಗಕ್ಕೆ ಹೋಗಿ ಟೇಪು ಹಿಡಿಯಿರಿ. ಊರಿಗೆಲ್ಲ ಇದನ್ನು ಹೇಳಿದವಳು ತನ್ನ ಅಮ್ಮನ ವಿಷಯ ಬಂದಾಗ ಸ್ವತಃ ಮರೆತಳು. ಅದನ್ನೇ ನಾನು ಹೇಳಹೊರಟಿರುವುದು.

ಲೇಯರಕ್ಕ ನಕ್ಷೆ ಕಚೇರಿಗೆ ಸೇರಿದಾಗ ಇನ್ನೂ ಎರಡು ಜಡೆ ಹಾಕುತ್ತಿದ್ದಳು. ಆಹಾ, ಏನು ಕೋಣೆ ಅದು! ಉದ್ದಕ್ಕೆ ಸಾಲಾಗಿ ಓರೆ ನಿಲ್ಲಿಸಿದ ಬೋರ್ಡುಗಳು, ಎತ್ತರದ ಸ್ಟೂಲುಗಳು, ತಲೆಯ ಮೇಲೆ ದೊಡ್ಡ ಕಿಟಕಿಗಳಿಂದ ಬೀಳುವ ಬೆಳಕು. ಫ್ಯಾನು ಹಾಕುವ ಹಾಗಿಲ್ಲ, ಆಚೆ ಬದಿ ಕಾಣುವಷ್ಟು ತೆಳ್ಳಗಿನ ಟ್ರೇಸಿಂಗ್ ಹಾಳೆ ಹಾರುತ್ತದೆ. ಬೆವರು ಹನಿಯುವ ಹಾಗಿಲ್ಲ, ಶಾಯಿ ಹರಡುತ್ತದೆ. ಎಲ್ಲರ ಅಂಗೈ ಕೆಳಗೂ ಒಂದೊಂದು ಕರ್ಚೀಫು. ಪಕ್ಕದ ಕೋಣೆಯಲ್ಲಿ ನೀಲಿ ಪ್ರತಿ ತೆಗೆಯುವ ಯಂತ್ರ, ಅದರ ಅಮೋನಿಯಾ ಘಾಟು ಮನೆಗೆ ಹೋದ ಮೇಲೂ ಸೆರಗಿನಲ್ಲಿ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳ ಗಂಡ, ಬಸ್ ಕಂಡಕ್ಟರು, "ನಮ್ಮ ಬಸ್ಸಿನ ಡೀಸೆಲ್ ವಾಸನೆಯೇ ವಾಸಿ ಕಣೇ" ಅಂತ ಮೂಗು ಮುಚ್ಚಿಕೊಳ್ಳುತ್ತಿದ್ದ. ಈಗ ಆ ಘಾಟು ಎಲ್ಲಾದರೂ ಸಿಕ್ಕರೆ ದುಡ್ಡು ಕೊಟ್ಟು ಮೂಸುತ್ತೇನೆ ಅನ್ನುತ್ತಾಳೆ ಅವಳು.

ಅಲ್ಲಿನ ಹಿರಿಯ ನಕ್ಷೆಗಾರರನ್ನು ಎಲ್ಲರೂ ಹಿಂದಿನಿಂದ ಕೂದಲೆಳೆ ಸಾಹೇಬ್ರು ಅನ್ನುತ್ತಿದ್ದರು. ಗೆರೆ ಒಂದು ಕೂದಲೆಳೆ ಜರುಗಿದರೂ ಹಾಳೆಯನ್ನು ಬೆಳಕಿಗೆ ಹಿಡಿದು, ಏನೂ ಮಾತಾಡದೆ, ವಾಪಸ್ಸು ಕೊಡುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತಂತೆ. ತಪ್ಪು ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು, ಹಾಳೆ ಹರಿಯದ ಹಾಗೆ, ಉಸಿರು ಬಿಗಿ ಹಿಡಿದು. ಅವರು ಅವಳಿಗೆ ಒಂದು ಯುಕ್ತಿ ಹೇಳಿಕೊಟ್ಟಿದ್ದರು. "ನೋಡಮ್ಮ, ಎಂದೂ ಬದಲಾಗದ ಗೆರೆ ಇದೆಯಲ್ಲ, ಅದನ್ನ ಹಾಳೆ ಮಗುಚಿ ಬೆನ್ನ ಕಡೆಗೆ ಬರಿ. ಮುಂದಿನದನ್ನ ಎಷ್ಟು ಸಲ ಕೆರೆದರೂ ಬೆನ್ನಿಂದು ಹೋಗಲ್ಲ." ಕಂಪ್ಯೂಟರುಗಳು ಬಂದಾಗ ಕೋಣೆಗೆ ಕೋಣೆಯೇ ತಲೆ ಮೇಲೆ ಕೈ ಹೊತ್ತು ಕೂತಿತ್ತು. ಕಲಿಸಲು ಬಂದವರು ಲೇಯರ್ ಅಂದದ್ದೇ ತಡ, ಅವಳು, "ಅಯ್ಯೋ, ಹಾಳೆಯ ಬೆನ್ನು ತಾನೇ!" ಅಂದುಬಿಟ್ಟಳು. ಆವತ್ತು ಅಂಟಿಕೊಂಡ ಹೆಸರು ಇವತ್ತಿಗೂ ಬಿಟ್ಟಿಲ್ಲ.

ಇನ್ನು ಕ್ವಾರ್ಟರ್ಸ್ ವಿಷಯ. ಅವಳ ಅಪ್ಪ ನೀರು ಸರಬರಾಜಿನ ಪಂಪು ನೋಡಿಕೊಳ್ಳುತ್ತಿದ್ದವರು. ಅವರಿಗೆ ಕೊಟ್ಟಿದ್ದ ಮನೆಯಲ್ಲೇ ಅವಳು ಹುಟ್ಟಿದ್ದು, ಬೆಳೆದದ್ದು. ಎರಡೆರಡು ಮನೆ ಪಕ್ಕಪಕ್ಕಕ್ಕೆ ಅಂಟಿದ ಜೋಡಿ, ನಡುವೆ ಒಂದೇ ಗೋಡೆ, ಅಂಥ ಜೋಡಿಗಳದ್ದೇ ಒಂದು ಬೀದಿ. ಅವಳು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅಪ್ಪ ತೀರಿಕೊಂಡರು. ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಮನೆ ಬಿಡಬೇಕಾಯಿತು. ಸ್ವಲ್ಪ ಕಾಲಕ್ಕೆ ಆ ಬೀದಿಯನ್ನೇ ಕೆಡವಿ ದೊಡ್ಡ ಟ್ಯಾಂಕು ಕಟ್ಟಿದರು. ವಿಚಿತ್ರ ನೋಡಿ, ಅವಳು ಕೆಲಸಕ್ಕೆ ಸೇರಿದ ಕಚೇರಿ ಅಂಥದ್ದೇ ಮನೆಗಳ ನಕ್ಷೆ ಬರೆಯುವಂಥದ್ದು. ಅದೇ ಮಾದರಿಯ ಕ್ವಾರ್ಟರ್ಸ್ ಎಲ್ಲೆಲ್ಲೋ ಏಳುತ್ತಲೇ ಇದ್ದವು, ಅದೇ ನಕ್ಷೆ ಹರಿದು ಚಿಂದಿಯಾದಾಗಲೆಲ್ಲ ಹೊಸ ಹಾಳೆಗೆ ಇಳಿಸುವ ಕೆಲಸ ಅವಳ ಪಾಲಿಗೇ ಬರುತ್ತಿತ್ತು. "ನಮ್ಮ ಮನೆ, ನಾನೇ ಬರೀತೀನಿ" ಅಂತ ಹಟ ಹಿಡಿದು ಇಸಿದುಕೊಳ್ಳುತ್ತಿದ್ದಳು. ಅಮ್ಮನ ಮಂಚ ಇಲ್ಲಿ, ಅಪ್ಪನ ಸೈಕಲ್ಲು ಇಲ್ಲಿ, ಒಲೆ ಇಲ್ಲಿ ಅಂತ ಮನಸ್ಸಿನಲ್ಲೇ ಇಡುತ್ತ ಗೆರೆ ಎಳೆಯುತ್ತಿದ್ದಳು. ಆ ನಕ್ಷೆಯಲ್ಲಿ ಪೂರ್ತಿ ಬರೆಯುತ್ತಿದ್ದದ್ದು ಜೋಡಿಯ ಬಲಗಡೆ ಮನೆ ಮಾತ್ರ. ಅಂಟಿಕೊಂಡ ಇನ್ನೊಂದು ಮನೆಯ ಜಾಗದಲ್ಲಿ ಬರೀ ಒಂದು ಖಾಲಿ ಚೌಕ, ಅದರೊಳಗೆ 'ಎಡಗೈ ಮನೆ' ಅಂತ ಎರಡು ಪದ. ಬಲಗೈ ಮನೆಯನ್ನು ಕನ್ನಡಿಯಲ್ಲಿ ನೋಡಿದರೆ ಹೇಗೋ ಹಾಗೆ ಕಟ್ಟಿ ಅಂತ ಮೇಸ್ತ್ರಿಗಳಿಗೆ ಸೂಚನೆ. ಶಾಯಿಯೂ ಉಳಿಯಿತು, ಕೈಯೂ ಉಳಿಯಿತು.

ಈಗ ಅಮ್ಮನಿಗೆ ವಯಸ್ಸಾಗಿದೆ. ಲೇಯರಕ್ಕ, ಗಂಡ, ಅಮ್ಮ ಮೂವರೂ ಹೊಸ ಫ್ಲಾಟಿನಲ್ಲಿದ್ದಾರೆ. ಕಣ್ಣು ಮಂಜಾಗಿದೆಯೇ ಹೊರತು ಅಮ್ಮನ ಬಾಯಿ, ಬುದ್ಧಿ ಎರಡೂ ಚುರುಕು. ನಸುಕಿನಲ್ಲಿ ಎದ್ದು ತಾನೇ ಬಚ್ಚಲಿಗೆ ಹೋಗಿಬರುವುದು ಅವಳ ಹೆಮ್ಮೆ. ಕೈ ಹಿಡಿಯಲು ಯಾರಾದರೂ ಬಂದರೆ, "ನಾನೇನು ನಿನ್ನೆ ಹುಟ್ಟಿದ ಕೂಸಾ?" ಅಂತ ಕೊಡವಿಬಿಡುತ್ತಾಳೆ. ಹೊಸ ಮನೆಗೆ ಬಂದ ವಾರದಲ್ಲೇ ಅದಕ್ಕೆ ಕಲ್ಲು ಬಿತ್ತು. ನಿದ್ದೆಗಣ್ಣಿನಲ್ಲಿ ಎದ್ದವಳು ಗೋಡೆಗೆ ಢಿಕ್ಕಿ ಹೊಡೆದು ಕೂತುಬಿಟ್ಟಳು. ಲೇಯರಕ್ಕ ಓಡಿ ಬಂದಾಗ ಅಮ್ಮ ಗೋಡೆಯನ್ನು ತಡವುತ್ತ, "ಬಾಗಿಲು ಇಲ್ಲೇ ಇತ್ತಲ್ಲೇ" ಅನ್ನುತ್ತಿದ್ದಳು.

"ಯಾವ ಬಾಗಿಲಮ್ಮ?"

"ಬಚ್ಚಲದ್ದು. ಕ್ವಾರ್ಟರ್ಸಿಂದು." ಅಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಸುಡುಗಾಡು, ಎಲ್ಲಿದೀನಿ ಅನ್ನೋದೇ ಮರೆತುಹೋಯ್ತು."

ಕ್ವಾರ್ಟರ್ಸ್ ಬಿಟ್ಟ ಮೇಲೆ ಬಾಡಿಗೆ ಮನೆಗಳು ಒಂದಾದ ಮೇಲೊಂದು ಬಂದುಹೋಗಿದ್ದವು, ಯಾವುದೂ ಅಮ್ಮನ ಕಾಲಿಗೆ ಹತ್ತಿರಲಿಲ್ಲ. ಕಣ್ಣು ಚೆನ್ನಾಗಿದ್ದಷ್ಟು ದಿನ ಕಾಲು ಕಣ್ಣಿನ ಮಾತು ಕೇಳಿತು. ಕಣ್ಣು ಮಂಜಾದ ಮೇಲೆ ಅದು ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು.

ಔಷಧಿ ಅಂಗಡಿ ಇಟ್ಟಿರುವ ತಮ್ಮ ಸುದ್ದಿ ಕೇಳಿ ದೌಡಾಯಿಸಿ ಬಂದ. ಅಮ್ಮನನ್ನು ಎಬ್ಬಿಸಿ, ನಡೆಸಿ ನೋಡಿದ. ಮಂಚದಿಂದ ಇಳಿದು ಎರಡು ಹೆಜ್ಜೆ ಹಾಕಿದ ಅಮ್ಮ ಅಲ್ಲಿ ಏನೂ ಇಲ್ಲದಿದ್ದರೂ ಹೊಸ್ತಿಲು ದಾಟುವವಳ ಹಾಗೆ ಒಂದು ಕಾಲನ್ನು ಎತ್ತರಕ್ಕೆ ಎತ್ತಿ ಇಟ್ಟಳು.

"ನೋಡಿದ್ಯಾ ಅಕ್ಕ? ಒಂಟಿ ಕಾಲಲ್ಲಿ ಹಾಗೆ ನಿಂತರೆ ಬೀಳದೆ ಏನಾಗುತ್ತೆ? ಇದು ನರದ ಸಮಸ್ಯೆ. ಕಂಬಿ ಇರೋ ಆಸ್ಪತ್ರೆ ಮಂಚ ತರಿಸ್ತೀನಿ. ಎಲ್ಲ ಮಂಚದಲ್ಲೇ ಆಗ್ಲಿ."

"ಮಂಚದಲ್ಲೇ ಪಾತ್ರೆ ಇಡ್ತೀಯೇನೋ?" ಅಮ್ಮ ಅವನ ಕೈ ಕೊಡವಿದಳು. "ಆವತ್ತಿಂದ ನನಗೆ ಊಟಾನೂ ಬೇಡ, ನೀರೂ ಬೇಡ. ತಿಳ್ಕೋ."

ತಮ್ಮ ಕೆಟ್ಟವನಲ್ಲ. ಅಮ್ಮನ ಸೊಂಟ ಮುರಿದರೆ ಅನ್ನುವ ಹೆದರಿಕೆ ಅವನಿಗೆ. ಲೇಯರಕ್ಕನಿಗೂ ಆ ಹೆದರಿಕೆ ಇತ್ತು, ಆದರೆ ಅಮ್ಮನ ಹಟ ಎಂಥದ್ದು ಅಂತ ಅವಳಿಗೆ ಅವನಿಗಿಂತ ಚೆನ್ನಾಗಿ ಗೊತ್ತು. ಊಟ ಬಿಡುತ್ತೇನೆ ಅಂದರೆ ಬಿಡುವವಳೇ. "ಇನ್ನೊಂದು ಸಲ ಬಿದ್ದರೆ ತರಿಸು. ಅಲ್ಲಿವರೆಗೆ ನನಗೆ ಬಿಡು" ಅಂದಳು. ಒಪ್ಪಂದ ಆಯಿತು. ಇನ್ನೊಂದು ಸಲ ಬಿದ್ದರೆ ಕಂಬಿ ಮಂಚ.

ಆವತ್ತು ಮಧ್ಯಾಹ್ನ ಅವಳು ಲ್ಯಾಪ್‌ಟಾಪು ತೆರೆದು ಕೂತಳು. ಅಮ್ಮನ ಕಾಲಿಗೆ ಹಳೇ ಮನೆಯೇ ಬೇಕಲ್ಲವೇ? ಸರಿ, ಮಂಚವನ್ನು ಹಳೇ ಮನೆಯ ಹಾಗೇ ಇಟ್ಟುಬಿಟ್ಟರೆ ಆಯಿತು ಅಂತ ಅವಳ ಲೆಕ್ಕಾಚಾರ. ಮೊದಲು ಫ್ಲಾಟಿನ ಕೋಣೆಗೆ ಟೇಪು ಹಿಡಿದು ಅಳೆದು ಬರೆದಳು. ಅದರ ಮೇಲೆ ಬೇರೆ ಲೇಯರಿನಲ್ಲಿ, ಕೆಂಪು ಗೆರೆಯಲ್ಲಿ, ಕ್ವಾರ್ಟರ್ಸು. ಅದಕ್ಕೆ ಹಳೇ ಹಾಳೆ ಬೇಕಾಗಲೇ ಇಲ್ಲ, ಅಳತೆಗಳು ತಾವಾಗಿಯೇ ಬೆರಳಿಗೆ ಬಂದವು. ಬೋರ್ಡಿನ ಮೇಲೆ ಅಂಗೈ ಅಗಲ ಇರುತ್ತಿದ್ದ ಮನೆ ಇಲ್ಲಿ ನಿಜದ ಅಳತೆಯಲ್ಲಿ ಏಳುತ್ತಿತ್ತು. ಹತ್ತಿರ ಹತ್ತಿರ ಹೋದರೆ ಬಾಗಿಲಿನ ಸಂದಿಯಲ್ಲಿ ನುಸುಳಿ ಒಳಗೆ ಹೋಗಬಹುದು ಅನ್ನಿಸುವಷ್ಟು. ಅಡುಗೆಮನೆಯ ಕಟ್ಟೆ ಹಾಕಿದಳು. ಅಪ್ಪ ಸೈಕಲ್ಲು ಒರಗಿಸುತ್ತಿದ್ದ ಮೂಲೆಯಲ್ಲಿ, ಯಾರಿಗೂ ಬೇಡದಿದ್ದರೂ, ಒಂದು ಸೈಕಲ್ಲನ್ನೂ ಇಟ್ಟಳು. ಕಣ್ಣು ತುಂಬಿಕೊಂಡಿತು. ಎಷ್ಟು ವರ್ಷವಾಯಿತೋ ಆ ಸೈಕಲ್ಲಿನ ಗಂಟೆ ಸದ್ದು ಕೇಳಿ.

ಗಂಡ ಟೀ ತಂದಿಟ್ಟು ಇಣುಕಿ ನೋಡಿದ. "ಕೆಡವಿದ ಮನೆಗೆ ಪ್ಲಾನು ಹಾಕ್ತಿರೋಳು ಲೋಕದಲ್ಲೇ ನೀನೊಬ್ಬಳೇ ಇರಬೇಕು ಕಣೇ."

"ನೀವು ಸುಮ್ನೆ ಇರ್ರೀ. ಆ ಮಂಚ ತಿರುಗಿಸೋಕೆ ಕೈ ಜೋಡಿಸಿ, ಸಾಕು."

ನಕ್ಷೆಯ ಪ್ರಕಾರ ಹಳೇ ಮನೆಯಲ್ಲಿ ಅಮ್ಮ ಮಲಗಿದರೆ ಬಚ್ಚಲು ಬಲಗಡೆ. ಫ್ಲಾಟಿನ ಕೋಣೆಯಲ್ಲಿ ಒಂದು ಉದ್ದ ಗೋಡೆಯ ನಡುವೆ ಬಚ್ಚಲ ಬಾಗಿಲು, ಎದುರು ಗೋಡೆಗೆ ಬಟ್ಟೆಯ ಬೀರು. ಬಲಗಡೆ ಬಚ್ಚಲು ಬರುವ ಹಾಗೆ ಮಂಚದ ತಲೆಯನ್ನು ಇಟ್ಟಾಗ ಕೆಂಪು ಗೆರೆ ಕಪ್ಪು ಗೆರೆಯ ಮೇಲೆ ಎಷ್ಟು ಚೆನ್ನಾಗಿ ಕೂತಿತು ಅಂದರೆ ಕೂದಲೆಳೆ ಸಾಹೇಬ್ರು ಕೂಡ ತಲೆದೂಗುತ್ತಿದ್ದರು. ಮಂಚವನ್ನು ಹಾಗೇ ಇಟ್ಟರು. ಲೇಯರಕ್ಕ ಒಂದು ಕಡೆ ಮಾತ್ರ ಗೊಂದಲಕ್ಕೆ ಬಿದ್ದಳು. ಅಮ್ಮ ಕಾಲೆತ್ತುವ ಜಾಗದಲ್ಲಿ ಹಳೇ ಮನೆಯಲ್ಲಿ ಹೊಸ್ತಿಲೇನೂ ಇರಲಿಲ್ಲ. ಎಷ್ಟು ನೋಡಿದರೂ ಅಲ್ಲಿ ಬರೀ ನೆಲ. ಇರಲಿ, ತಮ್ಮ ಹೇಳಿದ ಹಾಗೆ ನರದ್ದೇ ಇದ್ದೀತು ಅಂತ ಬಿಟ್ಟಳು.

ಮರುದಿನ ನಸುಕಿನಲ್ಲಿ ಧಡ್ ಅಂತ ಸದ್ದು. ಅಮ್ಮ ಎಡಗಡೆ ಇಳಿದು ನೇರ ಹೋಗಿ ಬೀರುವಿಗೆ ಹಣೆ ಹೊಡೆದುಕೊಂಡು, ಅಲ್ಲೇ ಕುಸಿದಿದ್ದಳು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು. ಮೂಳೆ ಮುರಿಯಲಿಲ್ಲ ಅನ್ನುವುದೇ ಪುಣ್ಯ. ತಮ್ಮ ಫೋನಿನಲ್ಲಿ ಜಾಸ್ತಿ ಮಾತಾಡಲಿಲ್ಲ. "ನಾಳೆ ಬೆಳಿಗ್ಗೆ ಮಂಚ ತರ್ತೀನಿ ಅಕ್ಕ. ಮಾತು ಮಾತೇ." ಎಲ್ಲ ಅಳತೆ ಸರಿ ಇದ್ದರೂ ಅಮ್ಮ ಬಿದ್ದಳಲ್ಲ. ತನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳ, ಅಂತ ಲೇಯರಕ್ಕ ತನ್ನನ್ನೇ ಬೈದುಕೊಂಡಳು.

ಒದ್ದೆ ಬಟ್ಟೆ ಹಣೆಗೆ ಒತ್ತಿಕೊಂಡು ಅಮ್ಮ ಮಲಗಿದ್ದಳು. ಮಗಳು ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದಳು. ಅಮ್ಮ ತನ್ನಷ್ಟಕ್ಕೆ ಹೇಳಿದಳು, "ಈ ಮನೇಲಿ ಸದ್ದೇ ಇಲ್ಲ ಕಣೇ, ಅದಕ್ಕೇ ನಿದ್ದೆ ಸರಿಯಾಗಿ ಹತ್ತಲ್ಲ. ಅಲ್ಲಿ ಪಕ್ಕದ ಮನೆ ದರ್ಜಿ ಮಿಷನ್ ತುಳೀತಾ ಇದ್ನಲ್ಲ, ಗೋಡೆಯಿಂದ ಟಕಟಕ ಅಂತ ಈ ಕಿವಿಗೆ ಕೇಳ್ತಿತ್ತು. ಅದನ್ನ ಕೇಳ್ತಾ ಕೇಳ್ತಾ ಕಣ್ಣು ಮುಚ್ತಿತ್ತು." ಅಂದು ಬಲಗಿವಿ ಮುಟ್ಟಿಕೊಂಡಳು.

"ಎಡಗಿವಿಗಮ್ಮ. ದರ್ಜಿ ಗೋಡೆ ನಮಗೆ ಎಡಗಡೆ ಅಲ್ವಾ?"

"ನನ್ನ ಕಿವಿ ಯಾವುದು ಅಂತ ನನಗೆ ಗೊತ್ತಿಲ್ವೇನೇ? ಬಲಗಡೆ ಗೋಡೆಗೆ ಒತ್ಕೊಂಡೇ ಮಲಗ್ತಿದ್ದೆ. ನಿಮ್ಮಪ್ಪ ರೇಗಿಸೋರು, ಮಿಷನ್ ಸದ್ದಿಗೆ ಜೋಗುಳ ಅಂತ ಹೆಸರಿಡು ಅಂತ."

ಲೇಯರಕ್ಕ ಬೆನ್ನು ಸವರುವುದನ್ನು ಬಿಟ್ಟು ಹಾಸಿಗೆಯ ಮೇಲೆ ಬೆರಳಿನಿಂದ ಜೋಡಿ ಮನೆಯ ಗೆರೆ ಎಳೆದಳು. ನಕ್ಷೆಯ ಬಲಗೈ ಮನೆಯಲ್ಲಿ ಪಕ್ಕದವರ ಗೋಡೆ ಇರುವುದು ಎಡಗಡೆ. ದರ್ಜಿ ಬಲಗಡೆ ಇದ್ದ ಅಂದರೆ ಅವರು ಇದ್ದದ್ದು ಬಲಗೈ ಮನೆಯಲ್ಲೇ ಅಲ್ಲ. ಕಣ್ಣು ಮುಚ್ಚಿದಳು. ಬೀದಿಯಿಂದ ಬರುತ್ತಿದ್ದೇನೆ, ಕೈಯಲ್ಲಿ ಸ್ಕೂಲ್ ಚೀಲ. ಮೆಟ್ಟಿಲು. ಬಾಗಿಲು. ಬಲಗಡೆ ಗೋಡೆಯಾಚೆ ಟಕಟಕ ಟಕಟಕ. ಹೌದಲ್ಲ! ಬಲಗಡೆಯೇ! ಹುಟ್ಟಿ ಬೆಳೆದ ಮನೆ, ನಮ್ಮ ಮನೆ, ನಾನೇ ಬರೀತೀನಿ ಅಂತ ಹಟ ಮಾಡಿದ ಮನೆ, ನಕ್ಷೆಯಲ್ಲಿ ಅವಳು ಒಮ್ಮೆಯೂ ಬರೆಯದೆ ಬಿಟ್ಟ ಆ ಖಾಲಿ ಚೌಕವಾಗಿತ್ತು. ವರ್ಷಗಟ್ಟಲೆ ಪಕ್ಕದ ದರ್ಜಿಯ ಮನೆಯನ್ನು ಬರೆಯುತ್ತ, ಅದರೊಳಗೆ ತನ್ನಮ್ಮನ ಮಂಚ ಇಟ್ಟುಕೊಂಡು ಬಂದಿದ್ದಳು. ಬರೆದೂ ಬರೆದೂ ಕೈ ಕಲಿತದ್ದೇ ತಲೆಗೂ ಹತ್ತಿ, ನಿಜದ ಮನೆ ಅಳಿಸಿಹೋಗಿತ್ತು. ನಾಚಿಕೆಯೂ ಆಯಿತು, ಅಳುವೂ ಬಂತು. ಅಮ್ಮನ ಹಣೆಯ ಬಟ್ಟೆ ಸರಿಸಿ ನೋಡಿ, "ಬುಗುಟು ಇಳೀತಾ ಇದೆ" ಅಂದಳು.

ಎದ್ದು ಹೋಗಿ ಲ್ಯಾಪ್‌ಟಾಪು ತೆರೆದಳು. ಕೆಂಪು ಗೆರೆಗಳನ್ನೆಲ್ಲ ಆಯ್ದುಕೊಂಡು ಕನ್ನಡಿ ಹಿಡಿದಳು. ಕನ್ನಡಿ ಹಿಡಿದಾಗ ತಂತ್ರಾಂಶ ಒಂದು ಪ್ರಶ್ನೆ ಕೇಳುತ್ತದೆ, ಮೂಲದ ಗೆರೆಗಳನ್ನು ಅಳಿಸಲೇ ಅಂತ. ಬೇಡ ಅನ್ನಿ, ಹಳೆಯದು ಇರಲಿ, ಯಾವಾಗ ಬೇಕಾಗುತ್ತೋ ಯಾರಿಗೆ ಗೊತ್ತು, ಅಂತಲೇ ಅವಳು ಕ್ಲಾಸಿನಲ್ಲಿ ಹೇಳುವುದು. ಅವಳ ಬೆರಳು ಸ್ವಲ್ಪ ಹೊತ್ತು ಕೀಲಿಯ ಮೇಲೇ ನಿಂತಿತು. ಎರಡು ಜಡೆಯ ಕಾಲದಿಂದ ಎಳೆದ ಗೆರೆಗಳು ಅವು, ಅಮೋನಿಯಾ ಘಾಟಿನ ನಡುವೆ, ಕರ್ಚೀಫಿನ ಮೇಲೆ ಅಂಗೈ ಊರಿ. ಹೂಂ, ಅಳಿಸು ಅಂದಳು. ಬಲಗೈ ಮನೆ ಮಾಯವಾಯಿತು. ಪರದೆಯ ಮೇಲೆ ಉಳಿದ ಮನೆಯನ್ನು ನೋಡುತ್ತಿದ್ದ ಹಾಗೆ, ಸೈಕಲ್ಲಿನ ಮೂಲೆ ಥಟ್ಟನೆ ಸರಿಯಾದ ಮೂಲೆ ಅನ್ನಿಸಿತು.

ಗಂಡ ಮತ್ತೆ ಮಂಚ ತಿರುಗಿಸಲು ಬಂದ. "ನಿನ್ನೆ ಆ ಕಡೆ, ಇವತ್ತು ಈ ಕಡೆ. ಬಸ್ಸು ರಿವರ್ಸ್ ತಗೊಳ್ಳುವಾಗಲೂ ನಾನು ಇಷ್ಟು ಸೀಟಿ ಊದಿರಲಿಲ್ಲ ನೋಡಿ, ಅತ್ತೆ." ಅಮ್ಮ ನೋವಿನಲ್ಲೂ ನಕ್ಕಳು. ತಲೆ ಇದ್ದ ಕಡೆ ಕಾಲು, ಕಾಲಿದ್ದ ಕಡೆ ತಲೆ. ಈಗ ಬಚ್ಚಲು ಎಡಕ್ಕೆ, ಬೀರು ಬಲಕ್ಕೆ.

ಮರುದಿನ ಬೆಳಕು ಹರಿಯುವ ಮೊದಲೇ ತಮ್ಮ ಬಂದ. ಕಂಬಿ ಮಂಚದ ಗಾಡಿ ಆಮೇಲೆ ಬರುತ್ತಂತೆ. ಲೇಯರಕ್ಕ ಬಾಯಿ ಮೇಲೆ ಬೆರಳಿಟ್ಟು ಅವನನ್ನು ಕೋಣೆಯ ಬಾಗಿಲ ಬಳಿ ನಿಲ್ಲಿಸಿದಳು. ಗಂಡ ಅವರ ಹಿಂದೆ, ಬಿದ್ದರೆ ಹಿಡಿಯಲು ತಯಾರಾಗಿ. ಒಳಗೆ ಮಂಚ ಕಿರುಗುಟ್ಟಿತು. ಅಮ್ಮ ಎಡಗಡೆ ಕಾಲಿಳಿಸಿದಳು. ಎದ್ದಳು. ಎಡಗೈ ಚಾಚಿದ ಕಡೆ ಗೋಡೆ ಸಿಕ್ಕಿತು. ಅಂಗೈಯನ್ನು ಗೋಡೆಗೆ ತಾಗಿಸಿಕೊಂಡು ಹೋಗುತ್ತ, ಅರ್ಧ ನಿದ್ದೆಯಲ್ಲೇ, ಎಲ್ಲೂ ತಡೆಯದೆ, ಬಾಗಿಲಿನ ಚೌಕಟ್ಟು ಹಿಡಿದು ಬಚ್ಚಲೊಳಗೆ ಹೋದಳು. ನಲ್ಲಿ ತಿರುಗಿತು. ನೀರಿನ ಸದ್ದು. ಲೇಯರಕ್ಕ ತಮ್ಮನ ತೋಳು ಹಿಡಿದುಕೊಂಡಳು.

ಆದರೆ ತಮ್ಮನ ಮುಖ ಇನ್ನೂ ಗಂಟು. ಅಮ್ಮ ವಾಪಸ್ಸು ಬಂದಳು, ಮಂಚಕ್ಕೆ ಎರಡು ಹೆಜ್ಜೆ ಇರುವಾಗ, ಮೊನ್ನೆ ತಮ್ಮ ನಡೆಸಿ ನೋಡಿದಾಗ ಮಾಡಿದ ಹಾಗೇ, ಒಂದು ಕಾಲನ್ನು ಎತ್ತರಕ್ಕೆ ಎತ್ತಿ ದೂರ ಇಟ್ಟಳು. "ಅದೇ ನೋಡಕ್ಕ" ಅಂದ ತಮ್ಮ ಪಿಸುದನಿಯಲ್ಲಿ. "ದಾರಿ ಸರಿಹೋಯ್ತು, ಒಪ್ಪಿದೆ. ಆ ಕಾಲು? ಅಲ್ಲಿ ಏನೂ ಇಲ್ಲವಲ್ಲ."

ಅಷ್ಟು ಮೆತ್ತಗೆ ಅಂದರೂ ಅಮ್ಮನಿಗೆ ಕೇಳಿಸಿತು. "ಯಾರದು? ಮಗನಾ? ಇಷ್ಟು ಬೇಗ ಯಾಕೆ ಬಂದ್ಯೋ?"

ಲೇಯರಕ್ಕ ಮುಂದೆ ಬಂದು ಅಮ್ಮನ ಭುಜ ಮುಟ್ಟಿದಳು. "ಅಮ್ಮ, ಇಲ್ಲಿ ಬಂದಾಗ ಕಾಲು ಯಾಕೆ ಅಷ್ಟು ಎತ್ತಿ ಇಡ್ತೀಯ? ಹೊಸ್ತಿಲೇನೂ ಇಲ್ಲವಲ್ಲಮ್ಮ ಇಲ್ಲಿ."

ಅಮ್ಮ ನಿದ್ದೆಗಣ್ಣಿನಲ್ಲೇ ರೇಗಿದಳು. "ಎತ್ತದೆ ಇನ್ನೇನು ಮಾಡ್ಲಿ? ಚಾಪೆ ಹಾಸ್ಕೊಂಡು, ಸ್ಕೂಲ್ ಚೀಲ ತಲೆಗಿಟ್ಕೊಂಡು, ಅಡ್ಡಾದಿಡ್ಡಿ ಬಿದ್ಕೊಂಡಿರ್ತೀಯ, ಹೊಟ್ಟೆ ಮೇಲೆ ಕಾಲಿಡ್ಲೇನೇ ನಿನ್ನ?"